ಸಂಬಳ ಏರಿಸಲು ಆಗದಾಗ ಕೆಲಸಗಾರರ ಹುರುಪು ಉಳಿಸುವುದು ಹೇಗೆ: ಮೊದಲು ಏನು, ಆಮೇಲೆ ಏನು

ಉತ್ತರ ಕನ್ನಡ ಜಿಲ್ಲೆಯ ಕುಮಟಾ, ಅಂಕೋಲಾ, ಶಿರಸಿ ಕಡೆಯ ಸಣ್ಣ ಅಂಗಡಿ, ಹೋಂಸ್ಟೇ, ಕ್ಲಿನಿಕ್‌ಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಲೆಕ್ಕಕ್ಕೆ ಕೂತಾಗಲೆಲ್ಲ ಮಾಲೀಕರು ಇದೇ ಮಾತು ತೆಗೆಯುತ್ತಾರೆ. "ಹುಟ್ಟುಹಬ್ಬಕ್ಕೆ ಕೇಕ್ ತರಿಸಿದೆ, ಕಪ್ ಕೊಟ್ಟೆ, ಫೋಟೋ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದೆ. ಆದರೂ ಹುಡುಗ ಗೋವಾಕ್ಕೆ ಹೋದ." ಇನ್ನು ಕೆಲವರು, "ಹೋಗಲಿಲ್ಲ ನಿಜ, ಆದರೆ ಇದ್ದೂ ಇಲ್ಲದ ಹಾಗೆ ಇದ್ದಾನೆ" ಅನ್ನುತ್ತಾರೆ.

ಇವರು ಮಾಡಿದ್ದು ಕೆಟ್ಟ ಕೆಲಸವೇನೂ ಅಲ್ಲ. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡಿದ್ದಾರೆ, ಅಷ್ಟೇ. ದುಡ್ಡಿಲ್ಲದ ಪ್ರೋತ್ಸಾಹದಲ್ಲಿ ಕ್ರಮವೇ ಮುಖ್ಯ. ಬಾಕಿ ತೀರಿಸುವುದು, ಕೇಳುವುದು, ಸಮಯ ಕೊಡುವುದು, ಅಧಿಕಾರ ಕೊಡುವುದು, ಕಲಿಸುವುದು, ಮೆಚ್ಚುಗೆ ಹೇಳುವುದು, ಕೊನೆಗೆ ಬೇಕಿದ್ದರೆ ಬಹುಮಾನ. ಈ ಸಾಲು ತಪ್ಪಿದರೆ ಎಷ್ಟು ಒಳ್ಳೆಯ ಮನಸ್ಸಿನಿಂದ ಮಾಡಿದ್ದೂ ನಾಟಕದ ಹಾಗೆ ಕಾಣುತ್ತದೆ.

ನಾಲ್ಕರಿಂದ ಇಪ್ಪತ್ತೈದು ಜನ ಕೆಲಸಕ್ಕಿರುವ ಜಾಗಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ದೊಡ್ಡ ಕಂಪನಿಯ ವಿಷಯ ಬೇರೆ.

## ಬೇಕಾಗುವ ಸಾಮಾನು

ಇನ್ನೂರು ಪುಟದ ಒಂದು ನೋಟ್‌ಬುಕ್, ಒಬ್ಬೊಬ್ಬರಿಗೆ ನಾಲ್ಕು ಪುಟ. ತಿಥಿ, ಹಬ್ಬ ಎಲ್ಲ ಇರುವ ದೊಡ್ಡ ಗೋಡೆ ಕ್ಯಾಲೆಂಡರ್. ನಿಮ್ಮ ಕೆಲಸದವರ ಊರಿಗೆ ಹೋಗುವ ಬಸ್ಸುಗಳ ವೇಳೆ, ಅದರಲ್ಲೂ ಕೊನೇ ಬಸ್ಸಿನದು. ಕಳೆದ ಆರು ತಿಂಗಳ ಹಾಜರಿ ಪುಸ್ತಕ. ಇಷ್ಟು ಸಾಕು, ಆ್ಯಪ್ ಬೇಡ.

ಜೊತೆಗೆ ಒಬ್ಬೊಬ್ಬರಿಗೂ ಇಪ್ಪತ್ತು ನಿಮಿಷ ಬೇಕು. ಎಲ್ಲರೂ ತಪ್ಪಿಸಿಕೊಳ್ಳಲು ನೋಡುವುದು ಇದನ್ನೇ.

## ಹಂತ 1: ಮೊದಲು ಬಾಕಿ ತೀರಿಸಿ

ಕಾನೂನು ಪ್ರಕಾರ ಅವರಿಗೆ ಸಿಗಲೇಬೇಕಾದ್ದನ್ನು ಕೊಟ್ಟು ಅದಕ್ಕೆ 'ಪ್ರೋತ್ಸಾಹ' ಅಂತ ಹೆಸರಿಡಬೇಡಿ. ವಾರಕ್ಕೆ 48 ಗಂಟೆಯ ಮಿತಿ, ವಾರಕ್ಕೊಂದು ಪೂರ್ತಿ ರಜೆ, ಹೆಚ್ಚು ಹೊತ್ತು ದುಡಿಸಿದರೆ ಎರಡು ಪಟ್ಟು ಕೂಲಿ, ಇವು ಅವರ ಹಕ್ಕು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1ರ ಸಂಬಳದ ರಜೆಯೂ ಹಾಗೆಯೇ. ಹತ್ತು ಜನ ಇದ್ದರೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ (ನೌಕರರ ವಿಮೆ) ಬರುತ್ತದೆ, ಇಪ್ಪತ್ತು ಜನ ಆದರೆ ಪಿಎಫ್ ಬರುತ್ತದೆ. ಇವುಗಳಲ್ಲಿ ಯಾವುದು ಬಾಕಿ ಇದೆ ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ತೀರಿಸಲು ಒಂದು ತಾರೀಕು ಹಾಕಿ.

ಆಮೇಲೆ ಸಂಬಳದ ದಿನ. ಐದನೇ ತಾರೀಕು ಅಂದರೆ ಐದೇ ಆಗಬೇಕು.

ನಾನು ಲೆಕ್ಕದ ಕೆಲಸಕ್ಕೆ ಬರುವ ಮೊದಲು ಕರಾವಳಿಯ ಒಂದು ಲಾಡ್ಜಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಿದ್ದೆ. ದೀಪಾವಳಿಗೆ ದೊಡ್ಡ ಸ್ವೀಟ್ ಬಾಕ್ಸು, ಸೀರೆ ಎಲ್ಲ ಕೊಡುತ್ತಿದ್ದರು. ಸಂಬಳ ಮಾತ್ರ ಒಂದು ತಿಂಗಳು ಎಂಟಕ್ಕೆ, ಇನ್ನೊಂದು ತಿಂಗಳು ಹದಿನೇಳಕ್ಕೆ. ಮನೆ ಬಾಡಿಗೆಗೆ ತಿಂಗಳು ತಿಂಗಳೂ ಅಣ್ಣನ ಹತ್ತಿರ ಕೈ ಚಾಚಿದ್ದು ನನಗೆ ಇವತ್ತೂ ನೆನಪಿದೆ. ಆ ಸೀರೆಯ ಬಣ್ಣ ನೆನಪಿಲ್ಲ.

ಎಚ್ಚರಿಕೆಯ ಲಕ್ಷಣ: ತಿಂಗಳಿಗೆ ಇಬ್ಬರಿಗಿಂತ ಜಾಸ್ತಿ ಜನ ಮುಂಗಡ ಕೇಳುತ್ತಿದ್ದರೆ ನೀವಿನ್ನೂ ಮೊದಲ ಹಂತದಲ್ಲೇ ಇದ್ದೀರಿ. ಮುಂದಕ್ಕೆ ಹೋಗಬೇಡಿ.

## ಹಂತ 2: ಒಬ್ಬೊಬ್ಬರನ್ನೇ ಕೂರಿಸಿ ಕೇಳಿ

ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ "ನಿಮಗೆ ಏನು ಬೇಕು ಹೇಳಿ" ಅಂದರೆ ಏನು ಉತ್ತರ ಬರುತ್ತದೆ ಅಂತ ನಿಮಗೇ ಗೊತ್ತು. "ಏನೂ ಬ್ಯಾಡ ಸಾವ್ಕಾರ್ರೆ, ಎಲ್ಲ ಚೊಲೋ ಅದೆ." ಅದು ಸಂತೋಷದಿಂದ ಬಂದ ಮಾತಲ್ಲ. ನಾಲ್ಕು ಜನರ ಎದುರು ಬಾಯಿ ಬಿಡಲು ಆಗದೆ ಬಂದ ಮಾತು.

ಹಾಗಾಗಿ ಒಬ್ಬೊಬ್ಬರನ್ನೇ ಕರೆಯಿರಿ. ಗಲ್ಲಾಪೆಟ್ಟಿಗೆಯ ಆಚೆ ನೀವು, ಈಚೆ ಅವರು ಅಂತ ಬೇಡ. ಒಂದೇ ಬೆಂಚಿನಲ್ಲಿ ಕೂತು ಚಾ ಕುಡಿಯುತ್ತಾ ಮಾತಾಡಿ. "ಏನು ಬೇಕು" ಅನ್ನುವ ಬದಲು ನಡೆದುಹೋದ ಸಂಗತಿ ಕೇಳಿ:

- ಕಳೆದ ತಿಂಗಳು ಯಾವ ದಿನ ಕೆಲಸಕ್ಕೆ ಬರುವುದೇ ಬೇಡ ಅನ್ನಿಸಿತು? ಆ ದಿನ ಏನಾಗಿತ್ತು?
- ಸಂಜೆ ಎಷ್ಟು ಹೊತ್ತಿಗೆ ಬಿಟ್ಟರೆ ಬಸ್ಸಿಗೆ ಓಡಬೇಕಾಗುವುದಿಲ್ಲ?
- ನಿಮ್ಮನ್ನು ಒಂದು ಮಾತು ಕೇಳಿದ್ದರೆ ಚೆನ್ನಾಗಿ ಆಗುತ್ತಿತ್ತು, ಕೇಳದೆ ನಾನೇ ಮಾಡಿ ಕೆಡಿಸಿದೆ, ಅಂಥ ಕೆಲಸ ಯಾವುದಾದರೂ ಇದೆಯಾ?
- ಇಲ್ಲಿ ಬೇರೆಯವರು ಮಾಡುವ ಯಾವ ಕೆಲಸ ನಿಮಗೆ ಕಲಿಯಬೇಕು ಅನ್ನಿಸುತ್ತದೆ?

ಮೂರನೇ ಪ್ರಶ್ನೆಗೆ ಮೊದಲ ಸಲ ಯಾರೂ ಉತ್ತರ ಕೊಡುವುದಿಲ್ಲ. ಪರವಾಗಿಲ್ಲ, ಸುಮ್ನೆ ಕೇಳಿ ಬಿಡಿ. ಎರಡನೇ ಸಲ ಕೇಳಿದಾಗ ಬಾಯಿ ಬಿಡುತ್ತಾರೆ.

ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಬರೆದದ್ದನ್ನು ಅವರಿಗೆ ಓದಿ ಹೇಳಿ. ಮನೆ ವಿಷಯ ಹೇಳಿಕೊಂಡರೆ ಅದು ಬೇರೆಯವರ ಕಿವಿಗೆ ಬೀಳಬಾರದು, ಊರು ಸಣ್ಣದು.

ಕೇಳಿದ ಮೇಲೆ ಏಳು ದಿನದೊಳಗೆ ಒಂದಾದರೂ ಸಣ್ಣ ಕೆಲಸ ಮಾಡಿ ತೋರಿಸಬೇಕು. ನನಗೆ ಗೊತ್ತಿರುವ ಒಂದು ಬಟ್ಟೆ ಅಂಗಡಿಯಲ್ಲಿ ಹೀಗೆ ಕೇಳಿದಾಗ ಬಂದ ಉತ್ತರ ಒಂದು ಸ್ಟೂಲು. ಗಿರಾಕಿ ಇಲ್ಲದ ಹೊತ್ತಿನಲ್ಲೂ ನಿಂತೇ ಇರಬೇಕು ಅನ್ನುವ ಪದ್ಧತಿ ಅಲ್ಲಿತ್ತು. ಯಾರು ಮಾಡಿದ್ದು ಅಂತ ಮಾಲೀಕರಿಗೂ ಗೊತ್ತಿರಲಿಲ್ಲ. ಕೇರಳದಲ್ಲಿ 2018ರಿಂದ, ತಮಿಳುನಾಡಿನಲ್ಲಿ 2021ರಿಂದ ಅಂಗಡಿ ಕೆಲಸದವರಿಗೆ ಕೂರಲು ಆಸನ ಕೊಡಬೇಕು ಅಂತ ಕಾನೂನೇ ಇದೆ. ನಾವು ಕಾನೂನಿಗೆ ಕಾಯುವುದು ಯಾಕೆ? ನಾಲ್ಕು ಸ್ಟೂಲು ಬಂದವು, ಅದೇ ವಾರ.

ಸಾಮಾನ್ಯ ತಪ್ಪು: ಕೇಳಿ, ಬರೆದುಕೊಂಡು, ಏನೂ ಮಾಡದೆ ಇರುವುದು. ಕೇಳದೆ ಇರುವುದಕ್ಕಿಂತ ಇದು ಕೆಟ್ಟದ್ದು. ಆಗುವುದಿಲ್ಲ ಅನ್ನುವುದಿದ್ದರೆ ಮುಖ ನೋಡಿ ಹೇಳಿ, ಕಾರಣವನ್ನೂ ಹೇಳಿ.

## ಹಂತ 3: ಸಮಯ ಕೊಡಿ

ನಮ್ಮ ಜಿಲ್ಲೆಯಲ್ಲಿ ದುಡ್ಡು ಬಿಟ್ಟರೆ ಅತಿ ಹೆಚ್ಚು ಬೆಲೆ ಇರುವುದು ಇದಕ್ಕೆ. ಉಳಿದ ಹಂತಗಳಲ್ಲಿ ಸ್ವಲ್ಪ ಎಡವಿದರೂ ನಡೆದೀತು. ಇದನ್ನು ಮಾತ್ರ ಸರಿಯಾಗಿ ಮಾಡಿ.

3.1 ವರ್ಷದ ಕ್ಯಾಲೆಂಡರ್ ಹಾಕಿ. ಗೋಡೆ ಕ್ಯಾಲೆಂಡರ್ ಮುಂದೆ ಎಲ್ಲರೂ ನಿಲ್ಲಿ. ಪ್ರತಿಯೊಬ್ಬರೂ ವರ್ಷಕ್ಕೆ ಮೂರು ದಿನ ಆರಿಸಿಕೊಳ್ಳಲಿ. ಈ ಮೂರು ದಿನ ಏನೇ ಬಂದರೂ ರಜೆ ಸಿಕ್ಕೇ ಸಿಗುತ್ತದೆ, ಕೇಳುವ ಅಗತ್ಯವೂ ಇಲ್ಲ. ಪೆನ್ನಿನಿಂದ ಹೆಸರು ಬರೆಸಿ, ಪೆನ್ಸಿಲ್ ಬೇಡ. ಎಂಟು ಜನರಿದ್ದರೆ ಒಂದೇ ದಿನಕ್ಕೆ ಇಬ್ಬರು ಅಂತ ಮಿತಿ ಇಡಿ. ಮೂವರು ಒಂದೇ ದಿನ ಕೇಳಿದರೆ ಕಳೆದ ವರ್ಷ ಆ ದಿನ ಪಡೆದವರು ಈ ಸಲ ಬಿಟ್ಟುಕೊಡಬೇಕು. ಈ ನಿಯಮ ಮೊದಲೇ ಹೇಳಿದ್ದರೆ ಜಗಳ ಆಗುವುದಿಲ್ಲ.

ಒಬ್ಬೊಬ್ಬರ ವರ್ಷ ಒಂದೊಂದು ರೀತಿ ಇರುತ್ತದೆ, ಅದನ್ನು ತಿಳಿದುಕೊಳ್ಳಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಯವರಿಗೆ ನವೆಂಬರ್‌ನಿಂದ ಅಡಿಕೆ ಕೊಯ್ಲು, ಸುಲಿತ ಶುರು. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಯಾವತ್ತು ಬರುತ್ತಾನೋ ಅವತ್ತೇ ಕೊಯ್ಲು. ಆ ದಿನ ಮನೆಯಲ್ಲಿ ಕೈ ಬೇಕು. ಅಂಥವರಿಗೆ ತಾರೀಕು ಗೊತ್ತುಮಾಡದ ಎರಡು 'ಕೊಯ್ಲಿನ ರಜೆ' ಇಡಿ, ಹಿಂದಿನ ದಿನ ಸಂಜೆ ಫೋನ್ ಮಾಡಿದರೆ ಸಾಕು. ಕಾರವಾರ, ಅಂಕೋಲಾ ಕಡೆಯವರಿಗೆ ಗಣೇಶ ಚವತಿ ಬಿಟ್ಟು ಬೇರೆ ಮಾತೇ ಇಲ್ಲ. ಮೀನುಗಾರರ ಮನೆಯವರ ಲೆಕ್ಕ ಪೂರಾ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮನೆಗೆ ಬರುವ ದುಡ್ಡು ಇಳಿಯುತ್ತದೆ. ಆಗ ಅವರಿಗೆ ರಜೆಗಿಂತ ಹೆಚ್ಚುವರಿ ಪಾಳಿ ಬೇಕು, ಕೊಡಿ. ಆಗಸ್ಟ್ ಬಂದ ಮೇಲೆ ಅದೇ ಪಾಳಿ ಪೇಟೆಯವರಿಗೋ ಘಟ್ಟದವರಿಗೋ ಹೋಗಲಿ.

ಶಿರಸಿಯಲ್ಲಿ ಅಂಗಡಿ ಇದ್ದವರಿಗೆ ಮಾರಿಕಾಂಬಾ ಜಾತ್ರೆ ದೊಡ್ಡ ಪರೀಕ್ಷೆ. ಎರಡು ವರ್ಷಕ್ಕೊಮ್ಮೆ ಬರುತ್ತದೆ, ವ್ಯಾಪಾರವೂ ಆಗಲೇ, ಕೆಲಸದವರ ಮನೆ ತುಂಬಾ ನೆಂಟರೂ ಆಗಲೇ. ಪೂರ್ತಿ ರಜೆ ಕೊಡಲು ನಿಮಗಾಗದು, ಪೂರ್ತಿ ದಿನ ದುಡಿಯಲು ಅವರಿಗಾಗದು. ಅರ್ಧ ದಿನದ ಪಾಳಿ ಮಾಡಿ, ಅದನ್ನೂ ಜಾತ್ರೆಗೆ ಒಂದು ತಿಂಗಳು ಮೊದಲೇ ಬರೆದು ಹಾಕಿ.

3.2 ಮಳೆ ರಜೆಗೆ ಪದ್ಧತಿ ಮಾಡಿ. ಜೂನ್, ಜುಲೈನಲ್ಲಿ ಜೋರು ಮಳೆ ಬಂದರೆ ಶಾಲೆಗೆ ರಜೆ ಘೋಷಣೆ ಆಗುತ್ತದೆ. ಸುದ್ದಿ ಕೆಲವೊಮ್ಮೆ ಬೆಳಗಾದ ಮೇಲೆ ಬರುತ್ತದೆ. ಮಗುವನ್ನು ಯಾರ ಹತ್ತಿರ ಬಿಡುವುದು ಅಂತ ತಾಯಿ ಒದ್ದಾಡುತ್ತಾಳೆ, ನೀವು ಇತ್ತ ಫೋನ್ ಮಾಡಿ "ಎಲ್ಲಿದ್ದೀಯಾ" ಅನ್ನುತ್ತೀರಿ. ಮೇ ತಿಂಗಳಲ್ಲೇ ತೀರ್ಮಾನ ಮಾಡಿಬಿಡಿ. ಶಾಲೆಗೆ ರಜೆ ಸಿಕ್ಕ ದಿನ ಸಣ್ಣ ಮಕ್ಕಳಿರುವವರು ಎರಡು ಗಂಟೆ ತಡವಾಗಿ ಬರಬಹುದು, ಅಥವಾ ಮಗುವನ್ನು ಕರೆದುಕೊಂಡೇ ಬರಬಹುದು. ಹಿಂದಿನ ಕೋಣೆಯಲ್ಲಿ ಒಂದು ಚಾಪೆ, ಬಣ್ಣದ ಪೆನ್ಸಿಲ್ ಇಟ್ಟರೆ ಆಯಿತು. ದುಡಿಯುವ ತಾಯಂದಿರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ನಾನು ನೋಡಿಲ್ಲ.

3.3 ವಾರದ ಪಾಳಿ ಶನಿವಾರವೇ ಗೊತ್ತಾಗಲಿ. ಮುಂದಿನ ವಾರದ ಪಟ್ಟಿ ಬರೆದು ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿ. ಆಮೇಲೆ ಬದಲಾಯಿಸಬೇಕಾದರೆ ನೀವು ಅವರನ್ನು ಕೇಳಬೇಕು, ಆಜ್ಞೆ ಮಾಡುವಂತಿಲ್ಲ. ಅವರವರೇ ಪಾಳಿ ಅದಲುಬದಲು ಮಾಡಿಕೊಂಡರೆ ಒಂದು ಮೆಸೇಜ್ ಹಾಕಲಿ, ಸಾಕು.

3.4 ಕೊನೇ ಬಸ್ಸನ್ನು ಗೌರವಿಸಿ. ಕೊನೇ ಬಸ್ಸು ಏಳೂವರೆಗೆ ಅಂದರೆ ಏಳೂಕಾಲಿಗೆ ಚಪ್ಪಲಿ ಹಾಕಿಕೊಂಡಾಗಿರಬೇಕು. ಆ ಹೊತ್ತಿಗೆ ಗಿರಾಕಿ ಬಂದರೆ ನೀವೇ ನಿಂತು ಕೊಡಿ. ನೀವು ನಿಂತದ್ದನ್ನು ಎಲ್ಲರೂ ನೋಡುತ್ತಾರೆ.

ಸಾಮಾನ್ಯ ತಪ್ಪು: ರಜೆ ಕೊಟ್ಟು ಆ ದಿನ ನಾಲ್ಕು ಸಲ ಫೋನ್ ಮಾಡುವುದು. ಆ ಕೀ ಎಲ್ಲಿ, ಈ ಬಿಲ್ಲು ಎಲ್ಲಿ ಅಂತ. ಫೋನ್ ಬಂದ ರಜೆ ರಜೆಯಲ್ಲ. ಹಾಗೆ ಮಾಡಿದರೆ ಅದನ್ನು ಲೆಕ್ಕದಿಂದ ಕಳೆಯಬೇಡಿ, ಇನ್ನೊಂದು ದಿನ ಕೊಡಿ. ಎರಡು ಸಲ ಹೀಗೆ ಕೊಡಬೇಕಾಗಿ ಬಂದರೆ ಕೀ ಎಲ್ಲಿರುತ್ತದೆ ಅಂತ ನೀವೇ ಕಲಿಯುತ್ತೀರಿ.

## ಹಂತ 4: ತೀರ್ಮಾನ ಮಾಡುವ ಅಧಿಕಾರ ಕೊಡಿ

ಮೂರನೇ ಹಂತ ಒಂದು ತಿಂಗಳು ಸರಿಯಾಗಿ ನಡೆದ ಮೇಲೆ ಇದಕ್ಕೆ ಬನ್ನಿ.

"ಇದು ನಿನ್ನದೇ ಅಂಗಡಿ ಅಂತ ತಿಳಿದುಕೋ" ಅಂತ ಹೇಳುವುದು ಸುಲಭ. ಹತ್ತು ರೂಪಾಯಿ ಬಿಡಬೇಕಾದರೂ ನಿಮಗೆ ಫೋನ್ ಮಾಡಬೇಕು ಅಂದರೆ ಅದು ಅವನ ಅಂಗಡಿ ಹೇಗಾಗುತ್ತದೆ? ಹಾಗಾಗಿ ಒಂದು ಮೊತ್ತ ಗೊತ್ತುಮಾಡಿ. 300 ರೂಪಾಯಿವರೆಗೆ ಗಿರಾಕಿಗೆ ಬಿಡುವುದು, ಬದಲಾಯಿಸಿ ಕೊಡುವುದು, ವಾಪಸ್ ಕೊಡುವುದು, ಎಲ್ಲ ಅವರದೇ ತೀರ್ಮಾನ. ಮಾಡಿದ ಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದರೆ ಸಾಕು. ಗೋಕರ್ಣದ ಹೋಂಸ್ಟೇಯಲ್ಲಿ ಬೆಳಿಗ್ಗೆ ಬಿಸಿನೀರು ಬರಲಿಲ್ಲ ಅಂದುಕೊಳ್ಳಿ. ಅತಿಥಿ ಕೂಗಾಡುತ್ತಿದ್ದಾರೆ, ನೀವು ಕುಮಟಾ ಸಂತೆಯಲ್ಲಿ ಇದ್ದೀರಿ. ಅಲ್ಲಿರುವ ಹುಡುಗನಿಗೆ ಬೇರೆ ಕೋಣೆ ಕೊಡುವ, ತಿಂಡಿಯ ದುಡ್ಡು ಬಿಡುವ ಅಧಿಕಾರ ಇದ್ದರೆ ಜಗಳ ಅಲ್ಲೇ ಮುಗಿಯುತ್ತದೆ. ಇಲ್ಲದಿದ್ದರೆ ಬೈಗುಳ ತಿನ್ನುವುದೂ ಅವನೇ.

ಮೊದಲ ತಪ್ಪು ತೀರ್ಮಾನ ಆಗಿಯೇ ಆಗುತ್ತದೆ. ಬಿಡಬಾರದ ಕಡೆ 250 ರೂಪಾಯಿ ಬಿಟ್ಟಿರುತ್ತಾರೆ. ಆ ದಿನ ನೀವು ಏನು ಹೇಳುತ್ತೀರಿ ಅನ್ನುವುದರ ಮೇಲೆ ಈ ಇಡೀ ಹಂತ ನಿಂತಿದೆ. ಬೈದರೆ ಮುಗಿಯಿತು, ನಾಳೆಯಿಂದ ಮತ್ತೆ ಎಲ್ಲದಕ್ಕೂ ಫೋನು. "ಯಾಕೆ ಹಾಗೆ ಅನ್ನಿಸಿತು?" ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಮುಂದಿನ ಸಲ ಏನು ಮಾಡಬಹುದು ಅಂತ ಇಬ್ಬರೂ ಸೇರಿ ಮಾತಾಡಿ. ದುಡ್ಡು ಸಂಬಳದಲ್ಲಿ ಹಿಡಿಯಬೇಡಿ.

ಇನ್ನೊಂದು ಅಪಾಯ ಇದೆ. ಜವಾಬ್ದಾರಿ ಕೊಡುತ್ತೇನೆ ಅಂತ ಹೇಳಿ ಬರೀ ಕೆಲಸ ಜಾಸ್ತಿ ಮಾಡುವುದು. ಸ್ಟಾಕ್ ನೋಡುವ ಹೊಣೆ ಕೊಟ್ಟರೆ ಕಸ ಗುಡಿಸುವುದೋ ಡೆಲಿವರಿಯೋ ಯಾವುದಾದರೂ ಒಂದು ಅವರ ತಲೆಯಿಂದ ಇಳಿಯಬೇಕು. ಏನು ಇಳಿಸಿದೆ ಅಂತ ಹೇಳಲು ನಿಮಗೆ ಆಗದಿದ್ದರೆ ನೀವು ಕೊಟ್ಟದ್ದು ಪ್ರೋತ್ಸಾಹವಲ್ಲ, ಹೊರೆ.

## ಹಂತ 5: ಕಲಿಸಿ

ಎರಡನೇ ಹಂತದಲ್ಲಿ ಅವರು ಏನು ಕಲಿಯಬೇಕು ಅಂದಿದ್ದರೋ ಅದನ್ನು ಕಲಿಸಿ. ನಿಮಗೆ ಅನುಕೂಲ ಆಗುವುದನ್ನಲ್ಲ. ಗೇರುಬೀಜ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವ ಅಕ್ಕನಿಗೆ ಗ್ರೇಡಿಂಗ್ ಕಲಿಯಬೇಕು ಅಂತಿರಬಹುದು, 240ರ ದರ್ಜೆಯ ಬೀಜ ಯಾವುದು, 320ರದು ಯಾವುದು ಅಂತ ಕೈಯಲ್ಲಿ ಹಿಡಿದೇ ಹೇಳುವಷ್ಟು. ಅಡಿಕೆ ಅಂಗಡಿಯ ಹುಡುಗನಿಗೆ ಚಾಲಿ, ಬೆಟ್ಟೆ, ಕೋಕಾ ವಿಂಗಡಿಸುವುದಕ್ಕಿಂತ ಕಂಪ್ಯೂಟರಿನ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಬಿಲ್ ಹಾಕಲು ಆಸೆ ಇರಬಹುದು. ವಾರಕ್ಕೆ ಎರಡು ಗಂಟೆ ಸಾಕು. ಆದರೆ ಕೆಲಸದ ವೇಳೆಯಲ್ಲೇ ಆಗಬೇಕು, ಬಿಟ್ಟ ಮೇಲೆ ಅಲ್ಲ.

"ಕಲಿತು ಬಿಟ್ಟು ಹೋಗುತ್ತಾರೆ" ಅನ್ನುವ ಹೆದರಿಕೆ ಎಲ್ಲರಿಗೂ ಇದೆ. ಕೆಲವರು ಹೋಗುತ್ತಾರೆ, ಸುಳ್ಳಲ್ಲ. ಕಲಿಯಲು ಏನೂ ಇಲ್ಲ ಅಂತ ಹೋದವರನ್ನು ನಾನು ಅದಕ್ಕಿಂತ ಜಾಸ್ತಿ ನೋಡಿದ್ದೇನೆ.

## ಹಂತ 6: ಮೆಚ್ಚುಗೆ ಹೇಳುವ ಬಗೆ

ಮೆಚ್ಚುಗೆ ಹೇಳುವುದು ಕಷ್ಟ. ನಮ್ಮ ಕಡೆ ಎದುರಿಗೇ ಹೊಗಳುವ ರೂಢಿ ಕಡಿಮೆ, ಹೇಳುವವರಿಗೂ ಕೇಳುವವರಿಗೂ ಮುಜುಗರ. ಹಾಗಾಗಿ ಹೊಗಳಬೇಡಿ, ನಡೆದದ್ದನ್ನು ಹೇಳಿ.

"ನೀನು ತುಂಬಾ ಒಳ್ಳೆಯ ಕೆಲಸ ಮಾಡ್ತೀಯಾ" ಅಂದರೆ ಏನೂ ತಿಳಿಯುವುದಿಲ್ಲ. "ನಿನ್ನೆ ಕರೆಂಟ್ ಹೋದಾಗ ಫ್ರಿಜ್ಜಿನ ಔಷಧ ಎಲ್ಲ ಐಸ್ ಡಬ್ಬಿಗೆ ಹಾಕಿದ್ದೆ ಅಲ್ವಾ, ಒಂದೂ ಹಾಳಾಗಲಿಲ್ಲ" ಅಂದರೆ ನೀವು ನೋಡಿದ್ದೀರಿ ಅಂತ ಅವರಿಗೆ ಗೊತ್ತಾಗುತ್ತದೆ. ಯಾವ ಕೆಲಸ, ಯಾವಾಗ, ಅದರಿಂದ ಏನಾಯಿತು. ಅದೇ ದಿನ ಅಥವಾ ಮರುದಿನ ಹೇಳಿ. ನಾಚಿಕೆ ಸ್ವಭಾವದವರಿಗೆ ಒಬ್ಬರೇ ಇದ್ದಾಗ ಹೇಳಿ.

ಗಿರಾಕಿಯ ಮಾತನ್ನು ಕೆಲಸ ಮಾಡಿದವರ ತನಕ ತಲುಪಿಸಿ. ಅಡುಗೆ ಚೆನ್ನಾಗಿತ್ತು ಅಂತ ಅತಿಥಿ ನಿಮ್ಮ ಹತ್ತಿರ ಹೇಳಿ ಹೋಗುತ್ತಾರೆ, ಒಳಗೆ ಒಲೆ ಮುಂದೆ ಇರುವವರಿಗೆ ಅದು ಕೇಳುವುದೇ ಇಲ್ಲ. ಅತಿಥಿಯನ್ನೇ ಅಡುಗೆಮನೆ ಬಾಗಿಲಿಗೆ ಕರೆದುಕೊಂಡು ಹೋಗಿ. ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಫೋನಿನಲ್ಲಿ ದೇಣಿಗೆ ಕೇಳುವ ಕೆಲಸದವರ ಮೇಲೆ ಮನಶ್ಶಾಸ್ತ್ರಜ್ಞ ಆಡಮ್ ಗ್ರಾಂಟ್ ಮತ್ತು ಜೊತೆಗಾರರು ಮಾಡಿದ ಅಧ್ಯಯನ 2007ರಲ್ಲಿ ಬಂತು. ಆ ದೇಣಿಗೆಯಿಂದ ಓದುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಕೆಲವೇ ನಿಮಿಷ ಭೇಟಿ ಮಾಡಿಸಿದ್ದಕ್ಕೇ ಅವರು ಮುಂದಿನ ವಾರಗಳಲ್ಲಿ ಹೆಚ್ಚು ಹೊತ್ತು ಫೋನ್ ಮಾಡಿದರು, ಹೆಚ್ಚು ದೇಣಿಗೆ ತಂದರು. ಸಂಬಳ ಒಂದು ಪೈಸೆಯೂ ಏರಿರಲಿಲ್ಲ.

## ಹಂತ 7: ಬಹುಮಾನ, ಅದೂ ಹುಷಾರಾಗಿ

'ತಿಂಗಳ ಉತ್ತಮ ಕೆಲಸಗಾರ' ಅನ್ನುವುದು ಬೇಡ ಅಂತಲೇ ನಾನು ಹೇಳುತ್ತೇನೆ. ಆರು ಜನರಲ್ಲಿ ಒಬ್ಬರಿಗೆ ಕೊಟ್ಟರೆ ಐವರಿಗೆ 'ನೀವಲ್ಲ' ಅಂದ ಹಾಗೆ. ನಾಲ್ಕು ತಿಂಗಳಾದ ಮೇಲೆ ಸರದಿ ಪ್ರಕಾರ ಕೊಡಲು ಶುರು ಮಾಡುತ್ತೀರಿ, ಆಗ ಅದಕ್ಕೆ ಬೆಲೆಯೇ ಇಲ್ಲ. ಅಮೆರಿಕದ ಒಂದು ದೊಡ್ಡ ಲಾಂಡ್ರಿಯಲ್ಲಿ ಸರಿಯಾಗಿ ಹಾಜರಾದವರಿಗೆ ಬಹುಮಾನ ಇಟ್ಟಾಗ ಏನಾಯಿತು ಅಂತ ಸಂಶೋಧಕರು ನೋಡಿದ್ದಾರೆ. ಕೆಲವರು ಬಹುಮಾನಕ್ಕೆ ತಕ್ಕ ಹಾಗೆ ಆಟ ಕಟ್ಟಿದರು. ಮೊದಲಿಂದ ಸುಮ್ಮನೆ ಸರಿಯಾಗಿ ಬರುತ್ತಿದ್ದವರ ಕೆಲಸವೇ ಇಳಿಯಿತು. ಕೇಳದೆ ಮಾಡುತ್ತಿದ್ದ ಕೆಲಸಕ್ಕೆ ಮುಂಚೆಯೇ ಆಮಿಷ ಇಟ್ಟರೆ ಹೀಗಾಗುತ್ತದೆ.

ಕೊಡಲೇಬೇಕು ಅನ್ನಿಸಿದರೆ ಮೊದಲೇ ಹೇಳದೆ, ಕೆಲಸ ಆದ ಮೇಲೆ, ಎಲ್ಲರಿಗೂ ಸೇರಿಸಿ ಕೊಡಿ. ಡಿಸೆಂಬರ್ ಕೊನೆಯ ಪ್ರವಾಸಿಗರ ಗದ್ದಲ ಮುಗಿದ ಮೇಲೆ ಜನವರಿಯಲ್ಲಿ ಒಂದು ಮಧ್ಯಾಹ್ನ ಬಾಗಿಲು ಹಾಕಿ ಒಟ್ಟಿಗೆ ಊಟ ಮಾಡಿ. ಮಧ್ಯಾಹ್ನವೇ ಆಗಲಿ. ರಾತ್ರಿ ಪಾರ್ಟಿ ಇಟ್ಟರೆ ಬಸ್ಸಿಗೆ ಹೋಗುವ ಹೆಂಗಸರಿಗೆ ಅದು ಶಿಕ್ಷೆ. ವಾರದ ರಜೆಯ ದಿನ ಪಿಕ್‌ನಿಕ್ ಇಡುವುದೂ ಬೇಡ, ಅದು ಅವರದೇ ರಜೆ ಕಸಿದು ಅವರಿಗೇ ಕೊಟ್ಟ ಹಾಗೆ.

## ದಾರಿ ತಪ್ಪಿದೆ ಅಂತ ತಿಳಿಯುವುದು ಹೇಗೆ

ರಜೆ ಕೇಳುವುದನ್ನು ನಿಲ್ಲಿಸಿ ನೇರವಾಗಿ ಗೈರಾಗತೊಡಗಿದರೆ ಮೂರನೇ ಹಂತ ಕೆಟ್ಟಿದೆ. ತಪ್ಪಾದಾಗ ನಿಮಗೆ ಬೇರೆಯವರಿಂದ ಗೊತ್ತಾಗುತ್ತಿದ್ದರೆ ನಾಲ್ಕನೆಯದು ಕೆಟ್ಟಿದೆ. ನೀವು ಒಳಗೆ ಬಂದ ಕೂಡಲೇ ಮಾತು ನಿಂತರೆ ಮತ್ತೆ ಎರಡನೇ ಹಂತಕ್ಕೆ ಹೋಗಿ, ಚಾ ಹಿಡಿದು ಕೂತುಕೊಳ್ಳಿ.

ಮೂರು ತಿಂಗಳಿಗೊಮ್ಮೆ ಹಾಜರಿ ಪುಸ್ತಕ ತೆಗೆದು ಎರಡು ಲೆಕ್ಕ ಹಾಕಿ. ಹೇಳದೆ ಗೈರಾದ ದಿನ ಎಷ್ಟು? ಅವರಾಗಿಯೇ ಬಂದು ಹೇಳಿದ ತಪ್ಪು ಎಷ್ಟು? ಮೊದಲನೆಯದು ಇಳಿಯಬೇಕು, ಎರಡನೆಯದು ಏರಬೇಕು. ಶುರುವಿನಲ್ಲಿ ತಪ್ಪುಗಳು ಜಾಸ್ತಿ ಆದ ಹಾಗೆ ಕಾಣುತ್ತದೆ, ಹೆದರಬೇಡಿ. ಮುಚ್ಚಿಟ್ಟಿದ್ದು ಈಗ ಹೊರಗೆ ಬರುತ್ತಿದೆ.

## ದುಡ್ಡೇ ಕಾರಣವಾದಾಗ

ಕಾರವಾರದಿಂದ ಗೋವಾ ಹತ್ತಿರ. ಅಲ್ಲಿ ನೀವು ಕೊಡುವುದರ ಒಂದೂವರೆ ಪಟ್ಟು ಸಿಗುತ್ತದೆ ಅಂತ ಒಬ್ಬರು ಬಂದು ಹೇಳಿದರೆ, ಮನೆಯಲ್ಲಿ ಸಾಲ ಇದ್ದರೆ, ಮೇಲಿನ ಏಳು ಹಂತಗಳಲ್ಲಿ ಯಾವುದೂ ಅದಕ್ಕೆ ಉತ್ತರವಲ್ಲ. ಕ್ಯಾಲೆಂಡರ್ ತೋರಿಸಿ ಅವರನ್ನು ಹಿಡಿದಿಡಲು ನೋಡಬೇಡಿ. ಎಷ್ಟು ಏರಿಸಲು ಆಗುತ್ತದೆ ಅಂತ ಒಂದೇ ಸಲ, ನಿಜ ಹೇಳಿ. ಅದು ಸಾಲದಿದ್ದರೆ ಹೋಗಲಿ. ಕೊನೇ ದಿನವೇ ಪೂರ್ತಿ ಲೆಕ್ಕ ಚುಕ್ತಾ ಮಾಡಿ, ಅವರು ಇಲ್ಲಿ ಏನೇನು ಕಲಿತರು ಅಂತ ಒಂದು ಪತ್ರ ಬರೆದುಕೊಡಿ. ನೋಟ್‌ಬುಕ್ಕಿನಲ್ಲಿ ಅವರ ನಾಲ್ಕು ಪುಟ ಹರಿಯಬೇಡಿ. ಮಳೆಗಾಲದಲ್ಲಿ ಅಲ್ಲಿ ಕೆಲಸ ಇಳಿದಾಗ ಫೋನ್ ಬರಬಹುದು. ಆಗ ಅವರ ಊರಿನ ಕೊನೇ ಬಸ್ಸು ಎಷ್ಟು ಹೊತ್ತಿಗೆ ಅಂತ ನಿಮಗೆ ಗೊತ್ತಿರುತ್ತದೆ.